ಹಗ್ಗದ ಮಂಚವೇ ವೇದಿಕೆ

ಒಂದು ಹಗ್ಗದ ಮಂಚ. ಅದರ ಮೇಲೆ ಇಬ್ಬರು ಗಂಡಸರು. ಸುತ್ತ, ತೀರಾ ಹತ್ತಿರದಲ್ಲೇ ಪ್ರೇಕ್ಷಕರು.

ಇದು ದೆಹಲಿಯ ನೃತ್ಯ ಸಂಯೋಜಕ ಮನ್‌ದೀಪ್ ರೈಖಿ 2016ರಲ್ಲಿ ಕಟ್ಟಿದ ‘ಕ್ವೀನ್-ಸೈಜ್’.

ಆಗ ಸಲಿಂಗ ಸಂಬಂಧ ಅಪರಾಧ. ಹಾಗಂತ ಹೇಳ್ತಿದ್ದ ಬ್ರಿಟಿಷರ ಕಾಲದ ಸೆಕ್ಷನ್ 377ನ್ನು 2009ರಲ್ಲಿ ದೆಹಲಿ ಹೈಕೋರ್ಟ್ ಸಡಿಲಿಸಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ರದ್ದು ಮಾಡ್ತು.

ರೈಖಿ ಉತ್ತರ ಕೊಟ್ಟಿದ್ದು ದೇಹಗಳ ಮೂಲಕ: ಅಪ್ಪುಗೆ, ಸೆಣಸಾಟ, ಉಸಿರು. ನೃತ್ಯ ಮುಗಿದು ಮತ್ತೆ ಮೊದಲಾಗುತ್ತೆ. ಪ್ರೇಕ್ಷಕರು ಯಾವಾಗ ಬೇಕಾದ್ರೂ ಎದ್ದು ಹೋಗಬಹುದು.

ರಾಜಕೀಯ ಇರೋದು ಅಲ್ಲೇ. ಇನ್ನೊಬ್ಬರ ಮಲಗೋ ಕೋಣೆಗೆ ಇಣುಕುತ್ತಿದ್ದ ಕಾನೂನಿನ ಜಾಗದಲ್ಲಿ ಇಲ್ಲಿ ಪ್ರೇಕ್ಷಕರೇ ಕೂತಿರ್ತಾರೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಡ್ತು.

ನೀವಾಗಿದ್ರೆ ಕೂತು ನೋಡ್ತಿದ್ರಾ, ಎದ್ದು ಹೋಗ್ತಿದ್ರಾ? ಕಾಮೆಂಟಿನಲ್ಲಿ ಹೇಳಿ.