ಬ್ಯಾರನ್ ಬಿರುಕು, ಮನೆ ಹೆಂಚು: ನಮ್ಮ ಕೈಲೇ ದುರಸ್ತಿ

ಕಂಪಲಾಪುರದ ಸುತ್ತ ನಮ್ಮದು ಮಳೆ ನಂಬಿದ ಬೇಸಾಯ. ಮುಂಗಾರಿಗೆ ಹೊಗೆಸೊಪ್ಪು, ಅದು ಮುಗಿಯುತ್ತಲೇ ರಾಗಿ ಇಲ್ಲವೇ ಹುರುಳಿ. ಸೊಪ್ಪು ಬೇಯಿಸುವ ಬ್ಯಾರನ್ ನಮಗೆ ಮನೆಯ ಇನ್ನೊಂದು ಕೋಣೆ ಇದ್ದ ಹಾಗೆ. ಮನೆ ಸೋರಿದರೆ ಪಾತ್ರೆ ಇಟ್ಟು ರಾತ್ರಿ ಕಳೆಯಬಹುದು. ಬ್ಯಾರನ್ ಬಿರುಕು ಬಿಟ್ಟರೆ ವರ್ಷದ ಸಂಪಾದನೆಗೇ ಕುತ್ತು.

2011ರಲ್ಲಿ ನನಗೆ ಹಾಗೇ ಆಯಿತು. ಸೊಪ್ಪು ತುಂಬಿ ಬೆಂಕಿ ಹಾಕಿದ್ದೆ. ಎಲೆ ಹಳದಿ ತಿರುಗುವವರೆಗೆ ಶಾಖ ಕಡಮೆ ಸಾಕು, ಸುಮಾರು 35ರಿಂದ 40 ಡಿಗ್ರಿ. ಆಮೇಲೆ ನಿಧಾನಕ್ಕೆ ಏರಿಸುತ್ತಾ ಹೋಗಿ ಕೊನೆಗೆ ದಂಟು ಒಣಗಲು 70ರ ಹತ್ತಿರ ಒಯ್ಯಬೇಕು. ನನ್ನ ಬ್ಯಾರನ್ನಿನಲ್ಲಿ ಎಷ್ಟು ಸೌದೆ ಹಾಕಿದರೂ ಶಾಖ ಏರಲಿಲ್ಲ. ಹೊರಗೆ ಸುತ್ತಿ ನೋಡಿದರೆ ಒಲೆ ಮಗ್ಗುಲ ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು. ಗಾರೆಯವನಿಗೆ ಹೇಳಿಕಳಿಸಿದೆ. ನಾಳೆ ಅಂದ, ನಾಡಿದ್ದು ಅಂದ. ಅವನದೂ ತಪ್ಪಲ್ಲ, ಆ ತಿಂಗಳಲ್ಲಿ ಊರಿಗೆಲ್ಲ ಅವನೇ ಬೇಕು. ಮೂರು ದಿನದಲ್ಲಿ ಒಳಗಿನ ಹಳದಿ ಸೊಪ್ಪು ಕಂದು ತಿರುಗಿತು, ಹೊಲದಲ್ಲಿ ಬಲಿತ ಎಲೆ ಬಲಿತೇ ಕೆಟ್ಟಿತು. ಹರಾಜಿನಲ್ಲಿ ಆ ಸೊಪ್ಪಿನ ಬೇಲಿಗೆ ಬಂದ ಬೆಲೆ ಸೌದೆ ಖರ್ಚಿಗೂ ಸಾಲಲಿಲ್ಲ.

ಮುಂದಿನ ವರ್ಷ ನಾನೇ ಕರಣೆ ಹಿಡಿದೆ. ಮೊದಲು ಮಾಡಿದ್ದು ದಡ್ಡ ಕೆಲಸ. ಗಟ್ಟಿಯಾಗಿರಲಿ ಅಂತ ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದೆ. ಎರಡನೇ ಬೇಯಿಸುವಿಕೆಗೇ ಹಪ್ಪಳದ ಹಾಗೆ ಎದ್ದು ಬಂತು, ಜೊತೆಗೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬಂತು. ನಮ್ಮ ಸೋದರಮಾವ ನೋಡಿ ನಕ್ಕು, "ಮಣ್ ಗೋಡೆಗೆ ಸಿಮೆಂಟ್ ಹಿಡಿಯಲ್ಲ ಕನ್ಲಾ, ಮಣ್ಣೇ ಮೆತ್ತು" ಅಂದರು.

ಈಗ ಮಾಡುವುದು ಹೀಗೆ. ಕೆಮ್ಮಣ್ಣಿಗೆ ಸ್ವಲ್ಪ ಮರಳು, ಸಗಣಿ, ಗೇಣಿಗಿಂತ ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ ನೀರು ಹಾಕಿ ನಾಲ್ಕೈದು ದಿನ ಕೊಳೆಯಲು ಬಿಡುತ್ತೇವೆ. ದಿನಕ್ಕೊಮ್ಮೆ ತುಳಿಯಬೇಕು. ಬರೀ ಜೇಡಿ ಹೆಚ್ಚಾದರೆ ಒಣಗುವಾಗ ಸೀಳುತ್ತದೆ, ಮರಳು ಹೆಚ್ಚಾದರೆ ಉದುರುತ್ತದೆ. ಈ ಹದ ನನಗಿಂತ ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು, ಅವಳು ಸೈ ಅನ್ನುವವರೆಗೆ ನಾನು ಮೆತ್ತುವುದಿಲ್ಲ. ಬಿರುಕನ್ನು ಕೆದಕಿ ಅಗಲ ಮಾಡಿ, ಧೂಳು ಗುಡಿಸಿ, ನೀರು ಚಿಮುಕಿಸಿ ಆಮೇಲೆ ತುಂಬಬೇಕು. ಒಣ ಗೋಡೆಗೆ ಮೆತ್ತಿದ್ದು ನಿಲ್ಲುವುದಿಲ್ಲ. ಸಣ್ಣ ಬಿರುಕು ಕಣ್ಣಿಗೆ ಬೀಳದಿದ್ದರೆ ಕತ್ತಲಾದ ಮೇಲೆ ಒಳಗೆ ದೊಡ್ಡ ದೀಪ ಇಟ್ಟು ಬಾಗಿಲು ಮುಚ್ಚಿ ಹೊರಗಿನಿಂದ ಸುತ್ತಿ ನೋಡಿ. ಬೆಳಕು ಬಂದ ಕಡೆ ಶಾಖವೂ ಹೋಗುತ್ತದೆ.

ತಗಡಿನ ಪೈಪುಗಳದ್ದು ಇನ್ನೂ ಮುಖ್ಯ. ಒಲೆಗೆ ಹತ್ತಿರದ ಪೈಪು ಮೊದಲು ತುಕ್ಕು ಹಿಡಿದು ತೂತಾಗುತ್ತದೆ. ಸೊಪ್ಪು ತುಂಬುವ ಮೊದಲೇ, ಬ್ಯಾರನ್ ಖಾಲಿ ಇರುವಾಗ, ಒಲೆಯಲ್ಲಿ ಹಸಿ ಎಲೆ ಹಾಕಿ ಹೊಗೆ ಎಬ್ಬಿಸಿ. ಬಾಗಿಲು ತೆರೆದಿಟ್ಟು ಹೊರಗೇ ನಿಂತು ನೋಡಿದರೆ ಯಾವ ಜೋಡಣೆಯಲ್ಲಿ ಹೊಗೆ ಬರುತ್ತಿದೆ ಎಂದು ಕಾಣುತ್ತದೆ. ಜೋಡಣೆ ಸಡಿಲವಿದ್ದರೆ ಮಣ್ಣು ಮೆತ್ತಬಹುದು, ತೂತಾಗಿದ್ದರೆ ಪೈಪನ್ನೇ ಬದಲಿಸಿ. ಅಲ್ಲಿ ಜಿಪುಣತನ ಬೇಡ, ಕಿಡಿ ಹಾರಿದರೆ ಬ್ಯಾರನ್ ಪೂರ್ತಿ ಹೋಗುತ್ತದೆ. ಉದುರಿದ ಎಲೆ ಕಾದ ಪೈಪಿನ ಮೇಲೆ ಬೀಳದಂತೆ ಮೇಲೊಂದು ತಂತಿ ಬಲೆ ಕಟ್ಟಿದ್ದೇನೆ, ಅದೂ ಮನೆಯಲ್ಲೇ ಮಾಡಿದ್ದು.

ಬ್ಯಾರನ್ ಕೆಲಸ ಕೈಗೆ ಹತ್ತಿದ ಮೇಲೆ ಮನೆಯದೇನು ಮಹಾ ಅನ್ನಿಸಿತು. ನಮ್ಮದು ಮಂಗಳೂರು ಹೆಂಚು, ವರ್ಷಕ್ಕೆ ನಾಲ್ಕೈದು ಕೋತಿಗಳ ಲೆಕ್ಕಕ್ಕೆ ಹೋಗುತ್ತವೆ. ಮಧ್ಯಾಹ್ನ ಒಳಗೆ ನಿಂತು ಮೇಲೆ ನೋಡಿ, ಬಿಸಿಲು ತೂರುವ ಕಡೆ ಕಡ್ಡಿ ಸಿಕ್ಕಿಸಿಟ್ಟರೆ ಗುರುತಿಗಾಯಿತು. ಮಾರನೇ ದಿನ ಬೆಳಿಗ್ಗೆ, ಹೆಂಚು ಕಾಯುವ ಮೊದಲು ಹತ್ತಬೇಕು. ಹೆಂಚಿನ ನಡುವೆ ಕಾಲಿಡದೆ ಒಂದರ ಮೇಲೊಂದು ಕೂತ ಕಡೆ, ಕೆಳಗೆ ರೀಪು ಇರುವಲ್ಲಿ ಕಾಲಿಡಿ. ಮಳೆ ಬಿದ್ದು ಪಾಚಿ ಕಟ್ಟಿದ ಮೇಲೆ ಹತ್ತಲೇಬೇಡಿ. ನಲ್ಲಿಯ ವಾಷರ್, ಗುದ್ದಲಿ ಕಾವು, ಬಾಗಿಲ ಕೀಲು ಇವೆಲ್ಲ ಮಕ್ಕಳೇ ಮಾಡುತ್ತಾರೆ. ಮಗಳು ವಾಷರ್ ಹಾಕುವುದು ಕಲಿತದ್ದು ಒಂದು ಭಾನುವಾರ, ಖರ್ಚು ಹತ್ತು ರೂಪಾಯಿ.

ಲೆಕ್ಕ ಹೇಳುವುದಾದರೆ, ನಮ್ಮ ಕಡೆ ಗಾರೆ ಕೆಲಸದವರ ದಿನಗೂಲಿ ಸಾವಿರ ಮುಟ್ಟಿದೆ, ಕೈಯಾಳು ಬೇರೆ. ಮಣ್ಣು ಮೆತ್ತುವ ಕೆಲಸಕ್ಕೆ ನಮಗೆ ಹಿಡಿಯುವುದು ಎರಡು ದಿನ. ಆದರೆ ಉಳಿದ ದುಡ್ಡಿಗಿಂತ ಕಾಯುವುದು ತಪ್ಪಿತಲ್ಲ, ಅದೇ ನನಗೆ ದೊಡ್ಡದು. ಈಗ ಬ್ಯಾರನ್ ರಿಪೇರಿ ಯುಗಾದಿ ಕಳೆದ ಕೂಡಲೇ ಮುಗಿಯುತ್ತದೆ.

ಕರೆಂಟಿನ ಕೆಲಸಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಒಮ್ಮೆ ಒದ್ದೆ ಕೈಯಲ್ಲಿ ಸ್ವಿಚ್ ಬಿಚ್ಚಲು ಹೋಗಿ ಗೋಡೆಗೆ ಹೋಗಿ ಬಿದ್ದಿದ್ದೆ. ಅದಕ್ಕೆ ಕಲಿತವರನ್ನೇ ಕರೆಯುತ್ತೇನೆ, ಕಾದರೂ ಪರವಾಗಿಲ್ಲ.

ಇನ್ನೂ ಬಗೆಹರಿಯದ್ದು ಒಂದಿದೆ. ಒಲೆಯ ಬಾಯಿಗೆ ಮೆತ್ತಿದ ಮಣ್ಣು ಎಷ್ಟು ಹದ ಮಾಡಿದರೂ ಒಂದೇ ವರ್ಷಕ್ಕೆ ಉದುರುತ್ತದೆ. ಬೂದಿ ಬೆರೆಸಿ ನೋಡಿದೆ, ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ದಾರಿ ಕಂಡುಕೊಂಡ ರೈತರಿದ್ದರೆ ಪತ್ರಿಕೆಗೆ ಬರೆಯಿರಿ, ಯುಗಾದಿಗೆ ಮುಂಚೆ ಸಿಕ್ಕರೆ ಈ ವರ್ಷವೇ ಮಾಡಿ ನೋಡುತ್ತೇನೆ.