ಕೋವಿ ಇದ್ದರೆ ಸಾಕೇ?

ಕಾರ್ಕಳದಿಂದ ಮೂಡಣಕ್ಕೆ ಹೊರಟರೆ ಬಜಗೋಳಿಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಕವಲು ಮಾಳ, ಎಸ್.ಕೆ. ಬಾರ್ಡರ್ ದಾಟಿ ಕುದುರೆಮುಖ, ಶೃಂಗೇರಿಗಳ ಕಡೆಗೆ ಘಟ್ಟ ಹತ್ತುತ್ತದೆ. ಇನ್ನೊಂದು ಹೊಸ್ಮಾರು, ನಾರಾವಿ ಮೇಲಾಗಿ ಗುರುವಾಯನಕೆರೆಗೆ ಹೋಗುತ್ತದೆ. ಎರಡೂ ರಸ್ತೆಗಳ ಆಚೀಚೆ ಅಡಿಕೆ, ತೆಂಗು, ರಬ್ಬರು, ಅಲ್ಲಲ್ಲಿ ಉಳಿದುಕೊಂಡ ಗದ್ದೆ. ತೋಟದ ಬೇಲಿ ಮುಗಿದರೆ ಕಾಡು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ, ಸುಮಾರು 600 ಚದರ ಕಿ.ಮೀ. ಹಬ್ಬಿದ ಕುದುರೆಮುಖ ಕಾಡಿನ ಬುಡ ಇದು. ರಾತ್ರಿ ಹಂದಿ ನುಗ್ಗುತ್ತದೆ, ಕಾಡುಕೋಣ ಬರುತ್ತದೆ, ಹಟ್ಟಿಯ ಹತ್ತಿರ ಚಿರತೆ ಸುಳಿಯುತ್ತದೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಸದಷ್ಟು ದೂರ. ಹೀಗಾಗಿ ಈ ಭಾಗದ ಎಷ್ಟೋ ಕೃಷಿಕರ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಜಿಲ್ಲಾಧಿಕಾರಿಗಳಿಂದ ಪರವಾನಗಿ ಪಡೆದ ಕೋವಿ ಇದೆ. ಹೆಸರಿಗೆ ಅದು ಬೆಳೆಯ ಕೋವಿ. ಮನೆಮಂದಿಯ ಮನಸ್ಸಿನಲ್ಲಿ ಮಾತ್ರ ಅದು ಜೀವದ ಧೈರ್ಯವೂ ಹೌದು.

ಆ ಧೈರ್ಯಕ್ಕೆ ಆಧಾರ ಎಷ್ಟಿದೆ ಎಂಬುದು ಈ ಅಧ್ಯಾಯದ ಪ್ರಶ್ನೆ. ಕೋವಿಯ ಬಗ್ಗೆ ಮಾತು ಬಂದಾಗಲೆಲ್ಲ ಒಂಟಿ ನಳಿಗೆಯೋ ಜೋಡು ನಳಿಗೆಯೋ, ಯಾವ ಕಂಪೆನಿಯದು, ಎಷ್ಟು ದೂರ ಹೊಡೆಯುತ್ತದೆ ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಹಿಡಿದವರು ಕೊನೆಯ ಸಲ ಗುರಿ ಅಭ್ಯಾಸ ಮಾಡಿದ್ದು ಯಾವಾಗ, ಎಂಥ ಹೊತ್ತಿನಲ್ಲಿ ಹೊಡೆಯಬಾರದೆಂದು ಅವರು ಮೊದಲೇ ಯೋಚಿಸಿಟ್ಟಿದ್ದಾರೆಯೇ ಎಂದು ಕೇಳುವವರು ಕಡಿಮೆ. ಪ್ರಾಣ ಉಳಿಯುವುದೂ ಹೋಗುವುದೂ ಈ ಎರಡು ಪ್ರಶ್ನೆಗಳ ಮೇಲೆ.

ಹಳೆಯ ಕೇಪಿನ ಕೋವಿಯನ್ನೇ ನೋಡಿ. ನಳಿಗೆಯ ಬಾಯಿಂದ ಅಳತೆಯ ಮದ್ದು ಸುರಿಯಬೇಕು, ಮೇಲೆ ನಾರು ತುರುಕಿ ಸರಳಿನಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ನಾರು, ಮತ್ತೆ ಸರಳು, ಕೊನೆಗೆ ಬೆರಳ ತುದಿಯಲ್ಲಿ ಹಿಡಿದ ಪುಟ್ಟ ಕೇಪನ್ನು ಅದರ ಜಾಗದಲ್ಲಿ ಕೂರಿಸಬೇಕು. ಹಗಲಿನಲ್ಲಿ, ಜಗಲಿಯ ಮೇಲೆ ಕುಳಿತು ಮಾಡಿದರೂ ಇದು ನಿಧಾನದ ಕೆಲಸ. ರಾತ್ರಿ, ಮಳೆಯಲ್ಲಿ, ನಾಯಿ ಬೊಗಳುತ್ತಿರುವಾಗ ಕೈ ನಡುಗಿದರೆ ಆ ಕೇಪು ನೆಲಕ್ಕೆ ಬೀಳುತ್ತದೆ. ತೋಟಾ ಕೋವಿಯಾದರೆ ತುಂಬುವುದು ಸುಲಭ, ಆದರೆ ನಡುಗುವ ಕೈ ಅದೇ. ತೋಟಾ ಇಟ್ಟ ಡಬ್ಬಿ ಎಲ್ಲಿ, ಬೀಗದ ಕೈ ಯಾರ ಹತ್ತಿರ, ಟಾರ್ಚಿನ ಬ್ಯಾಟರಿ ಇದೆಯೋ ಇಲ್ಲವೋ ಎಂಬ ಸಣ್ಣ ಸಂಗತಿಗಳು ಆಗ ಬೆಟ್ಟವಾಗುತ್ತವೆ.

ಭಯ ಹೊಕ್ಕ ಮೈ ಬೇರೆಯೇ ಮೈ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತಲೇ ಎದೆಬಡಿತ ಏರುತ್ತದೆ, ದೊಡ್ಡ ಸ್ನಾಯುಗಳಿಗೆ ಬಲ ಬರುತ್ತದೆ, ಬೆರಳುಗಳ ಸೂಕ್ಷ್ಮ ಹಿಡಿತ ತಪ್ಪುತ್ತದೆ. ಕಣ್ಣು ಎದುರಿಗಿರುವ ಒಂದನ್ನೇ ದಿಟ್ಟಿಸಿ ಅಕ್ಕಪಕ್ಕವನ್ನು ಮರೆಯುತ್ತದೆ. ಕಿವಿಗೆ ಹತ್ತಿರದ ಮಾತೂ ಕೇಳಿಸದಿರಬಹುದು. ಗಳಿಗೆ ಹಿಗ್ಗಿದ ಹಾಗೆ ಅನಿಸುತ್ತದೆ, ನಿಜಕ್ಕೂ ಸಿಗುವುದು ಎರಡೋ ಮೂರೋ ಸೆಕೆಂಡು. ಗಾಯಗೊಂಡ ಹಂದಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ನುಗ್ಗಿದರೆ ಸೆಕೆಂಡಿಗೆ 11 ಮೀಟರು ದಾಟುತ್ತದೆ. 25 ಮೀಟರು ದೂರದಲ್ಲಿ ಕಂಡದ್ದು ಎರಡೂಕಾಲು ಸೆಕೆಂಡಿನಲ್ಲಿ ಕಾಲ ಬುಡದಲ್ಲಿರುತ್ತದೆ. ಮನುಷ್ಯನೂ ಕಡಿಮೆಯಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲ್ಲರ್ 1983ರಲ್ಲಿ ಬರೆದ ಲೇಖನದಲ್ಲಿ ಇದರ ಲೆಕ್ಕ ಕೊಟ್ಟ: ಚೂರಿ ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತಾನೆ. ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡ ಪೊಲೀಸನೇ ಅದನ್ನು ಹೊರತೆಗೆದು ಗುಂಡು ಹಾರಿಸಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ. ಹಾಗಿರುವಾಗ ಒಳಕೋಣೆಯ ಕಪಾಟಿನಲ್ಲಿರುವ ಕೋವಿಯ ಮಾತೇನು?

ಇನ್ನೊಂದು ಲೆಕ್ಕವೂ ಇದೆ. ನ್ಯೂಯಾರ್ಕ್ ನಗರದ ಪೊಲೀಸರು 1998ರಿಂದ 2006ರವರೆಗೆ ಗುಂಡು ಹಾರಿಸಿದ ಪ್ರಸಂಗಗಳನ್ನು ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಪರಿಶೀಲಿಸಿತ್ತು. ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ನೂರು ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಸರಾಸರಿ 18. ಎದುರಾಳಿ ಹಾರಿಸದಿದ್ದಾಗ ಕೂಡ 30. ಒಳ್ಳೆಯ ಆಯುಧ, ಸಂಬಳ ಕೊಟ್ಟು ಮಾಡಿಸಿದ ಅಭ್ಯಾಸ ಎರಡೂ ಇದ್ದವರ ಫಲಿತಾಂಶ ಇದು. ಉಳಿದ ಗುಂಡುಗಳೆಲ್ಲ ಎಲ್ಲಿಗೋ ಹೋಗಿವೆ. ತೋಟದಲ್ಲಿ ತಪ್ಪಿದ ಗುಂಡು ಹೋಗುವ ಆ ಎಲ್ಲಿಗೋ ಎಂಬುದು ಪಕ್ಕದ ಮನೆಯ ಅಂಗಳ ಆಗಿರಬಹುದು, ಮಾಡಿನ ಕೆಳಗೆ ಮಲಗಿದ ಕೆಲಸದವರಾಗಿರಬಹುದು.

ಕರಾವಳಿ, ಮಲೆನಾಡುಗಳ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ ಒಂದಿದೆ: ಹಂದಿಯೆಂದು ತಿಳಿದು ಹಾರಿಸಿದ ಗುಂಡು ಜೊತೆಗೆ ಬಂದವನಿಗೇ ತಗುಲಿತು. ಇಂಥ ಸಾವುಗಳಲ್ಲಿ ಕೋವಿ ಕೆಟ್ಟಿರುವುದಿಲ್ಲ. ಕತ್ತಲಲ್ಲಿ ಪೊದೆ ಅಲುಗಿತು, ಮನಸ್ಸು ಆಗಲೇ ಹಂದಿಯನ್ನು ಕಾಯುತ್ತಿತ್ತು, ಕಣ್ಣು ಹಂದಿಯನ್ನೇ ಕಂಡಿತು. ಇದಕ್ಕೆ ಮದ್ದು ಇನ್ನೂ ದುಬಾರಿ ಕೋವಿಯಲ್ಲ. ಅಭ್ಯಾಸವಿದ್ದ ಹಿರಿಯರೊಬ್ಬರು ಜೊತೆಗಿದ್ದರೆ ಏನಾಗುತ್ತದೆ ನೋಡಿ.

“ಅಣ್ಣಾ, ಅಲ್ಲಿ ಏನೋ ಅಲುಗಿತು!”

“ತಡಿ ಮಾರಾಯ. ಬೆರಳು ಹೊರಗೆ ತೆಗಿ. ಮೊದಲು ಟಾರ್ಚ್ ಹಾಕು, ಯಾರಂತ ಕೇಳು.”

ಇಷ್ಟೇ. ಟ್ರಿಗರಿನಿಂದ ಬೆರಳು ಹೊರಗೆ, ಗುರಿ ಯಾವುದೆಂದು ಕಣ್ಣಾರೆ ಖಾತ್ರಿಯಾಗುವ ತನಕ ನಳಿಗೆ ನೆಲಕ್ಕೆ, ಗುರಿಯ ಹಿಂದೆ ಏನಿದೆ ಎಂಬ ಎಚ್ಚರ, ಎಲ್ಲ ಕೋವಿಯೂ ತುಂಬಿದ ಕೋವಿಯೇ ಎಂಬ ನಂಬಿಕೆ. ಬಂದೂಕು ಕಲಿಸುವ ಹೆಚ್ಚಿನ ಕಡೆಗಳಲ್ಲಿ ಪಾಠ ಶುರುವಾಗುವುದು ಇಂಥ ನಿಯಮಗಳಿಂದ. ಓದಲು ಒಂದು ನಿಮಿಷ ಸಾಕು. ಮೈಗೆ ಹತ್ತಲು ಮಾತ್ರ ಖಾಲಿ ಕೋವಿ ಹಿಡಿದು ಎತ್ತಿ, ಇಳಿಸಿ, ಬೆರಳಿನ ಜಾಗ ನೋಡಿಕೊಂಡು ತಿಂಗಳುಗಟ್ಟಲೆ ಮಾಡಬೇಕು.

ಅಮೆರಿಕದ ಜೆಫ್ ಕೂಪರ್ ಎಂಬ ಮಾಜಿ ಸೈನಿಕ 1976ರಲ್ಲಿ ಅರಿಜೋನಾದಲ್ಲಿ ಬಂದೂಕು ತರಬೇತಿ ಶಾಲೆ ತೆರೆದ. ಮನಸ್ಸಿನ ಎಚ್ಚರವನ್ನು ಅವನು ಬಣ್ಣಗಳಲ್ಲಿ ವಿಂಗಡಿಸಿದ. ಬಿಳಿ ಎಂದರೆ ಮೈಮರೆವು. ಹಳದಿ ಎಂದರೆ ಭಯವಿಲ್ಲದ ಸಹಜ ಎಚ್ಚರ. ಕಿತ್ತಳೆಯಲ್ಲಿ ನಿರ್ದಿಷ್ಟವಾದ ಒಂದು ಅಪಾಯ ಕಣ್ಣಿಗೆ ಬಿದ್ದಿದೆ. ಕೆಂಪಿನಲ್ಲಿ ಏನು ಮಾಡಬೇಕೆಂದು ನಿರ್ಧಾರವಾಗಿದೆ. ಬಿಳಿಯಿಂದ ಒಮ್ಮೆಲೇ ಕೆಂಪಿಗೆ ಹಾರಬೇಕಾಗಿ ಬಂದವರು ಕಂಗಾಲಾಗುತ್ತಾರೆ. ಮಾಳದ ಘಾಟಿಯಲ್ಲಿ ದಿನವೂ ಓಡಾಡುವ ಬಸ್ಸಿನ ಚಾಲಕ ತಿರುವು ಬರುವ ಮೊದಲೇ ಹಾರ್ನ್ ಹಾಕಿ, ಗೇರು ಇಳಿಸಿಕೊಂಡಿರುತ್ತಾನಲ್ಲ, ಹಳದಿಯ ಎಚ್ಚರ ಅಂಥದ್ದು. ಅವನು ಹೆದರಿಕೊಂಡು ಓಡಿಸುವುದಿಲ್ಲ, ಮೈಮರೆತೂ ಓಡಿಸುವುದಿಲ್ಲ. ಸಂಜೆ ತೋಟಕ್ಕೆ ಹೋಗುವಾಗ ನಾಯಿ ಯಾವ ಕಡೆ ಮುಖ ಮಾಡಿ ಬೊಗಳುತ್ತಿದೆ ಎಂದು ಗಮನಿಸುವವನಿಗೆ ಕೋವಿ ಎತ್ತುವ ಪ್ರಸಂಗವೇ ಅಪರೂಪ. ಅವನು ಅಷ್ಟರಲ್ಲಿ ಹಿಂದೆ ಸರಿದಿರುತ್ತಾನೆ.

ಕಾನೂನಿನ ಕಡೆಯೂ ತಿಳಿದಿರಬೇಕು, ಏಕೆಂದರೆ ಅದನ್ನು ಆ ರಾತ್ರಿ ಕುಳಿತು ಓದಲಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕಿಗೆ ಸಂಬಂಧಿಸಿದವು. ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗುವ ದಾಳಿಯ ಭಯ ನ್ಯಾಯವಾಗಿದ್ದರೆ ಎದುರಾಳಿಯ ಸಾವಿನವರೆಗೂ ಆ ಹಕ್ಕು ಚಾಚುತ್ತದೆ. ಆದರೆ ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕು ಇಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತೆಯೂ ಇಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಹಕ್ಕಿನ ಸೂತ್ರಗಳನ್ನು ಒಂದೆಡೆ ತಂದಿತು: ದಾಳಿಗೊಳಗಾದವನು ಆ ಗಳಿಗೆಯಲ್ಲಿ ಗುಲಗಂಜಿ ತೂಕದಲ್ಲಿ ಅಳೆದು ಪ್ರತಿಕ್ರಿಯಿಸಬೇಕೆಂದು ಕಾನೂನು ಬಯಸುವುದಿಲ್ಲ, ಆದರೆ ಈ ಹಕ್ಕನ್ನು ಸೇಡಿಗೆ ಬಳಸಿಕೊಳ್ಳಲು ಬಿಡುವುದೂ ಇಲ್ಲ.

ಇದನ್ನು ನಮ್ಮ ಅಂಗಳಕ್ಕೆ ತಂದು ನೋಡೋಣ. ಒಣಹಾಕಿದ ಅಡಿಕೆಯನ್ನು ರಾತ್ರಿ ಯಾರೋ ಗೋಣಿಗೆ ತುಂಬುತ್ತಿದ್ದಾರೆ. ಲೈಟು ಹಾಕಿದ ಕೂಡಲೇ ಓಡುತ್ತಾರೆ. ವರ್ಷದ ದುಡಿಮೆ ಹೋಗುತ್ತಿರುವುದನ್ನು ಕಂಡು ಹೊಟ್ಟೆ ಉರಿಯುವುದು ಸಹಜವೇ. ಆದರೂ ಬೆನ್ನು ತಿರುಗಿಸಿ ಓಡುವ ಕಳ್ಳನಿಗೆ ಗುಂಡು ಹೊಡೆದರೆ ಅದು ಆತ್ಮರಕ್ಷಣೆಯಲ್ಲ, ಕೊಲೆ ಪ್ರಕರಣ. ಅವನೇ ಕತ್ತಿ ಎತ್ತಿ ಮನೆಯವರ ಮೇಲೆ ಬಂದರೆ ಮಾತು ಬೇರೆ. ಈ ಎರಡರ ನಡುವಿನ ಗೆರೆಯನ್ನು ಒಂದು ಸೆಕೆಂಡಿನಲ್ಲಿ ಗುರುತಿಸಬೇಕಾದವರು ನೀವು. ಅದನ್ನು ಮೊದಲೇ ಮನಸ್ಸಿನಲ್ಲಿ ಎಳೆದಿಟ್ಟುಕೊಳ್ಳದವರ ಕೈಯನ್ನು ಸಿಟ್ಟು ನಡೆಸುತ್ತದೆ. ಪ್ರಾಣಿಗಳ ವಿಷಯದಲ್ಲೂ ಹೀಗೆಯೇ. ಬೆಳೆ ರಕ್ಷಣೆಯ ಪರವಾನಗಿ ಇದ್ದ ಮಾತ್ರಕ್ಕೆ ಬೇಟೆಗೆ ಅನುಮತಿ ಸಿಕ್ಕಿತೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮು ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎನ್ನುತ್ತದೆ. ಆದರೆ ಆ ಹೊತ್ತಿನಲ್ಲಿ ನೀವೇ ಕಾಯ್ದೆ ಮುರಿಯುತ್ತಿದ್ದರೆ ಆ ರಕ್ಷೆ ಸಿಗದು. ಸತ್ತ ಪ್ರಾಣಿ ಸರಕಾರದ ಸೊತ್ತು.

ಆಯುಧವನ್ನು ಅಭ್ಯಾಸದ ಜೊತೆ ಕಟ್ಟಿಹಾಕುವ ಸಂಸ್ಕೃತಿ ನಮಗೆ ಹೊಸದೇನಲ್ಲ. ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಊರಿನವರೆಲ್ಲರ ಕಣ್ಣೆದುರು, ಹಿರಿಯರ ನಿಗಾದಲ್ಲಿ, ಹಗಲಲ್ಲಿ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ನಮ್ಮ ತುಳುನಾಡಿನಲ್ಲಿ ಗರಡಿಗಳಿವೆ. ಅವಳಿ ವೀರರಾದ ಕೋಟಿ ಚೆನ್ನಯರ ಹೆಸರಿನ ಥೀಮ್ ಪಾರ್ಕು ಕಾರ್ಕಳದಲ್ಲೇ ಇದೆ. ಆ ವೀರರ ಕೈಯ ಸುರಿಯ ಎಂಬ ಕಿರುಗತ್ತಿ ಇಂದಿಗೂ ಗರಡಿಗಳಲ್ಲಿ ಪೂಜೆಗೊಳ್ಳುತ್ತದೆ, ನೇಮದ ದಿನ ಹೊರಗೆ ಬರುತ್ತದೆ. ಆದರೆ ಗರಡಿ ಎಂದರೆ ಮೊದಲಿಗೆ ಮೈ ಪಳಗಿಸುವ ಮನೆ. ಸಾಧನೆಯೊಂದಿಗೆ ಗುರು, ಹಿಡಿತ, ಮರ್ಯಾದೆಗಳೂ ಅಲ್ಲಿ ಸೇರಿಕೊಂಡಿದ್ದವು. ಕೋವಿ ಬಂದಾಗ ಅಂಗಡಿಯಿಂದ ಆಯುಧವೊಂದೇ ಬಂತು, ಅದರ ಗರಡಿ ಬರಲಿಲ್ಲ ಎಂಬುದು ನನ್ನ ದೊಡ್ಡ ಕೊರಗು.

ಕಾಗದದ ಮೇಲೆ ಅದೂ ಬಂದಿದೆ ಎನ್ನಬೇಕು. 2016ರ ಆಯುಧ ನಿಯಮಗಳು ಸುರಕ್ಷಾ ತರಬೇತಿಯ ಪಾಠಪಟ್ಟಿಯನ್ನು ಕೊಟ್ಟಿವೆ: ಹಿಡಿಯುವ ಕ್ರಮ, ಹಾರಿಸುವ ಕ್ರಮ, ಆರೈಕೆ, ಸಾಗಣೆ, ಭದ್ರವಾಗಿಡುವುದು, ಕಾನೂನಿನ ಹೊಣೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತಾರೆ. ಒಳ್ಳೆಯ ಕೆಲಸ, ಸಾಧ್ಯವಿದ್ದವರೆಲ್ಲ ಸೇರಬೇಕು. ಆದರೆ 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಒಮ್ಮೆ ಶಿಬಿರಕ್ಕೆ ಹೋಗಿ ಬಂದ ಕೈ ಐದು ವರ್ಷ ಸುಮ್ಮನಿದ್ದರೆ ಏನು ಉಳಿದೀತು?

ಚುನಾವಣೆ ಬಂದಾಗಲೆಲ್ಲ ನಮ್ಮ ಜಿಲ್ಲೆಗಳ ಕೃಷಿಕರು ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಇದರ ವಿರುದ್ಧ ಹೈಕೋರ್ಟಿನವರೆಗೆ ಹೋದವರೂ ಇದ್ದಾರೆ. ಅವರ ಸಂಕಟ ನಿಜ. ಆದರೆ ಆ ತಿಂಗಳುಗಳಲ್ಲಿ ತೋಟವನ್ನು ಯಾರು ಕಾಯುತ್ತಾರೆ ಎಂದು ನೋಡಿದರೆ ನಾಯಿ, ಗರ್ನಾಲು, ಬೆಳಕು, ಸೋಲಾರ್ ಬೇಲಿ, ನೆರೆಯವರ ಫೋನು. ಕೋವಿ ಮರಳಿ ಬಂದ ಮೇಲೂ ಮೊದಲ ಸಾಲಿನ ಕಾವಲು ಇವೇ ಆಗಿರಬೇಕು. ಮರಳಿ ಬಂದ ಕೋವಿಯನ್ನು ಒರೆಸಿ, ಎಣ್ಣೆ ಹಾಕಿ, ನಳಿಗೆಯ ಒಳಗೆ ತುಕ್ಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡದೆ ತೋಟಾ ತುಂಬಬಾರದು. ವರ್ಷಕ್ಕೆ 4,000 ಮಿ.ಮೀ. ದಾಟುವ ಮಳೆಯ ಊರು ನಮ್ಮದು, ಕಬ್ಬಿಣ ಇಲ್ಲಿ ಬಹಳ ಬೇಗ ಕೆಡುತ್ತದೆ. ಕೋವಿ ಹಿಂದಿರುಗಿಸುವ ದಿನವೇ ಠಾಣೆಯಲ್ಲಿ ಅರ್ಧ ದಿನದ ತರಬೇತಿ ಇಟ್ಟರೆ ಎಷ್ಟು ಚೆನ್ನ! ಪರವಾನಗಿದಾರರು ಹೇಗೂ ಬಂದಿರುತ್ತಾರೆ, ಕಲಿಸಬಲ್ಲವರು ಇಲಾಖೆಯಲ್ಲೇ ಇದ್ದಾರೆ. ಗ್ರಾಮ ಪಂಚಾಯತಿಗಳು, ಸಹಕಾರಿ ಸಂಘಗಳು ಒತ್ತಾಯಿಸಿದರೆ ಇದು ಆಗದ ಕೆಲಸವಲ್ಲ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದದ್ದು ಬಹಳಷ್ಟಿದೆ. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ, ಮಕ್ಕಳ ಕೈಗೆ ಎರಡೂ ಸಿಗದಿರಲಿ. ಕುಡಿದ ದಿನ, ಮನೆಯಲ್ಲಿ ಜಗಳವಾದ ದಿನ, ಯಾರಿಗಾದರೂ ಮನಸ್ಸು ಸರಿಯಿಲ್ಲದ ದಿನ ಬೀಗದ ಕೈ ಬೇರೆಯವರ ಹತ್ತಿರ ಇರಬೇಕು. ರಾತ್ರಿ ಸದ್ದಾದರೆ ಯಾರು 112ಕ್ಕೆ ಕರೆ ಮಾಡುವುದು, ನೆರೆಮನೆಗೆ ಫೋನು ಯಾರದು, ಅಜ್ಜಿಯನ್ನೂ ಮಕ್ಕಳನ್ನೂ ಒಳಕೋಣೆಗೆ ಕರೆದುಕೊಂಡು ಹೋಗುವುದು ಯಾರು, ಹೊರಗಿನ ಲೈಟಿನ ಸ್ವಿಚ್ಚು ಯಾರ ಕೈಯಲ್ಲಿ ಎಂದು ಊಟದ ಹೊತ್ತಿಗೆ ಕುಳಿತು ಮಾತಾಡಿಕೊಳ್ಳಿ. ಒಂದು ಸಂಜೆ ಅದನ್ನೆಲ್ಲ ಮಾಡಿಯೂ ನೋಡಿ, ಕೋವಿಯನ್ನು ಮುಟ್ಟದೆ.