ಕಡುಬು ಸೊಟ್ಟಗಾದರೂ ಹಬ್ಬ ಹಬ್ಬವೇ

ನಾಳೆ ಗೌರಿ, ನಾಡಿದ್ದು ಗಣೇಶ. ಹೂರಣ ಇನ್ನೂ ಒಲೆಯ ಮೇಲಿದೆ, ಬಾಗಿನದ ಮೊರ ತುಂಬಿಲ್ಲ, ಅಷ್ಟರಲ್ಲಿ ನೆಂಟರ ಫೋನು: "ಹೊರಟ್ವಿ!" ಎದೆ ಡವಡವ.

ಈಗ ಒಂದು ಹಾಡು ಗುನುಗಿ. ಶ್ರುತಿ ತಪ್ಪಿದರೂ ಪರವಾಗಿಲ್ಲ. ಬಾಯಿ ಮುಚ್ಚಿ ಗುನುಗುವಾಗ ಉಸಿರು ಉದ್ದವಾಗಿ, ನಿಧಾನವಾಗಿ ಹೊರಹೋಗುತ್ತದೆ. ಉಸಿರು ಬಿಡುವಾಗಲೇ ವೇಗಸ್ ನರ ಹೃದಯದ ಓಟಕ್ಕೆ ಕಡಿವಾಣ ಹಾಕೋದು. ಬಡಿತ ತುಸು ಇಳಿಯುತ್ತದೆ. ಹಾಡು ಬೇಡವೇ? 4 ಎಣಿಸುತ್ತ ಉಸಿರೆಳೆದು, 6 ಎಣಿಸುತ್ತ ಬಿಡಿ.

ಇಡೀ ಹಬ್ಬವನ್ನು ಒಬ್ಬರ ಹೆಗಲಿಗೇ ಹೊರಿಸೋದು ಖಂಡಿತ ತಪ್ಪು. ಕಡುಬು ಮಡಿಸೋಕೆ ಅಪ್ಪ, ಮಾವ, ಮಕ್ಕಳನ್ನೆಲ್ಲ ಕೂರಿಸಿ. ಅತಿ ಸೊಟ್ಟ ಕಡುಬಿಗೇ ಮೊದಲ ಬಹುಮಾನ! ಒಟ್ಟಿಗೆ ನಕ್ಕಾಗ ಬಿಗಿದ ಮೈ ಸಡಿಲವಾಗುತ್ತದೆ.

ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದು ಅಂತಾರಲ್ಲ? ಅದೇ ನೆಪ, ಬೇಗ ಮಲಗಿಬಿಡಿ. ಪಾತ್ರೆ ಬೆಳಗ್ಗೆ ತೊಳೆದರಾಯಿತು.